ಈಡಿತ್ ಕೀಲರ್ ಸಾಯಲೇಬೇಕಿತ್ತೇ?

1930ರ ನ್ಯೂಯಾರ್ಕ್. ಹಸಿದು ಬಂದವರಿಗೆ ಊಟ ಹಾಕುವ ಒಬ್ಬ ಹೆಂಗಸು ರಸ್ತೆ ದಾಟುತ್ತಿದ್ದಾಳೆ. ಎದುರಿನಿಂದ ಲಾರಿ ನುಗ್ಗಿ ಬರುತ್ತಿದೆ. ಅವಳನ್ನು ಈಚೆಗೆ ಎಳೆದುಕೊಳ್ಳಲು ಒಬ್ಬ ವೈದ್ಯ ಧಾವಿಸುತ್ತಾನೆ. ಅವಳನ್ನು ಪ್ರೀತಿಸಿದ ಗಂಡಸೇ ಆ ವೈದ್ಯನನ್ನು ಬಿಗಿಯಾಗಿ ಹಿಡಿದು ತಡೆಯುತ್ತಾನೆ. ಅವಳು ಸಾಯುತ್ತಾಳೆ. ಸತ್ತದ್ದರಿಂದಲೇ ಮುಂದಿನ ಜಗತ್ತು ಉಳಿಯಿತು ಎನ್ನುತ್ತದೆ ಕಥೆ.

ಅಮೆರಿಕದ ‘ಸ್ಟಾರ್ ಟ್ರೆಕ್’ ಸರಣಿಯ ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಎಂಬ ಈ ಕಂತು ಎನ್‌ಬಿಸಿ ವಾಹಿನಿಯಲ್ಲಿ ಪ್ರಸಾರವಾದದ್ದು 1967ರ ಏಪ್ರಿಲ್ 6ರಂದು. ಅಂದಿನಿಂದ ಇಂದಿನವರೆಗೂ ಅಭಿಮಾನಿಗಳು ಇದನ್ನು ಚರ್ಚಿಸುತ್ತಲೇ ಇದ್ದಾರೆ. ಮೇಲ್ನೋಟಕ್ಕೆ ಒಂದೇ ಎನಿಸುವ ಆ ಚರ್ಚೆಯಲ್ಲಿ ಹಲವು ಪ್ರಶ್ನೆಗಳು ಹೆಣೆದುಕೊಂಡಿವೆ. ಈ ಕಥೆ ನಿಜಕ್ಕೂ ಯಾರದು? ಆಗಿಹೋದದ್ದನ್ನು ತಿದ್ದಲು ಬರುತ್ತದೆಯೇ? ಒಬ್ಬಳ ಬದುಕಿನಿಂದ ಇತಿಹಾಸದ ದಿಕ್ಕು ತಿರುಗುತ್ತದೆಯೇ? ತಿರುಗುವುದೇ ಆದರೆ, ಅದನ್ನು ತಪ್ಪಿಸಲು ಅವಳನ್ನು ಸಾಯಗೊಡುವುದು ಸರಿಯೇ? ಈ ಲೇಖನ ಒಂದೊಂದು ಪ್ರಶ್ನೆಗೂ ಇರುವ ಪ್ರಮುಖ ವಾದಗಳನ್ನು ಪರಿಶೀಲಿಸುತ್ತದೆ. ಇಷ್ಟೆಲ್ಲ ವಾದಗಳ ನಡುವೆ ಎಲ್ಲರೂ ಈಡಿತ್‌ಳನ್ನೇ ನೋಡುತ್ತ, ಅದೇ ಕಂತಿನಲ್ಲಿ ಸತ್ತ ಇನ್ನೊಬ್ಬನನ್ನು ಮರೆತಿದ್ದಾರೆ ಎಂಬುದು ನನ್ನ ನಿಲುವು.

ಕಥೆ ಇಷ್ಟು

ಎಂಟರ್‌ಪ್ರೈಸ್ ಎಂಬ ಅಂತರಿಕ್ಷ ನೌಕೆಯ ವೈದ್ಯ ಮೆಕಾಯ್ ಆಕಸ್ಮಿಕವಾಗಿ ತನಗೇ ಒಂದು ತೀವ್ರ ಔಷಧದ ಚುಚ್ಚುಮದ್ದು ಚುಚ್ಚಿಕೊಂಡು, ತಲೆಕೆಟ್ಟವನಂತಾಗಿ ಕೆಳಗಿನ ಗ್ರಹಕ್ಕೆ ಓಡಿಹೋಗುತ್ತಾನೆ. ಅಲ್ಲಿ ಮಾತನಾಡುವ ಕಲ್ಲಿನ ಬಾಗಿಲೊಂದಿದೆ. ಅದರ ಹೆಸರು ಗಾರ್ಡಿಯನ್. ಅದರೊಳಗೆ ಜಿಗಿದವರು ಹಿಂದಿನ ಕಾಲಕ್ಕೆ ಹೋಗಿ ಬೀಳುತ್ತಾರೆ. ಮೆಕಾಯ್ ಜಿಗಿದ ಮರುಕ್ಷಣವೇ ಮೇಲೆ ಸುತ್ತುತ್ತಿದ್ದ ನೌಕೆ ಇಲ್ಲವಾಗುತ್ತದೆ. ಅವನು ಹಿಂದೆ ಏನನ್ನೋ ಬದಲಿಸಿಬಿಟ್ಟಿದ್ದಾನೆ. ಅದನ್ನು ಸರಿಪಡಿಸಲು ನಾಯಕ ಕರ್ಕ್ ಮತ್ತು ಅವನ ಸಂಗಾತಿ ಸ್ಪಾಕ್ ಬೆನ್ನಟ್ಟಿ ಹೋಗುತ್ತಾರೆ.

ಆರ್ಥಿಕ ಕುಸಿತದಲ್ಲಿ ನಲುಗಿದ ನ್ಯೂಯಾರ್ಕಿನಲ್ಲಿ ಅವರಿಗೆ ಆಸರೆ ಕೊಡುವವಳು ಈಡಿತ್ ಕೀಲರ್. ಈ ಪಾತ್ರ ಮಾಡಿದವರು ಜೋನ್ ಕಾಲಿನ್ಸ್. ಕರ್ಕ್ ಅವಳನ್ನು ಪ್ರೀತಿಸತೊಡಗುತ್ತಾನೆ. ಇತ್ತ ಸ್ಪಾಕ್, ಆ ಕಾಲದ ರೇಡಿಯೊ ವಾಲ್ವು, ತಂತಿಗಳನ್ನು ಹೊಂಚಿ ಒಂದು ಉಪಕರಣ ಕಟ್ಟಿ, ಕಾಲದ ಚಿತ್ರಗಳನ್ನು ನಿಧಾನವಾಗಿ ನೋಡುತ್ತಾನೆ. ಎರಡು ಪತ್ರಿಕೆಗಳ ಪುಟ ಕಾಣಿಸುತ್ತವೆ. ಒಂದರಲ್ಲಿ ಈಡಿತ್ 1930ರಲ್ಲೇ ರಸ್ತೆ ಅಪಘಾತದಲ್ಲಿ ಸತ್ತಿದ್ದಾಳೆ. ಇನ್ನೊಂದರಲ್ಲಿ 1936ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರನ್ನು ಭೇಟಿಯಾಗುವಷ್ಟು ದೊಡ್ಡವಳಾಗಿದ್ದಾಳೆ. ಅವಳು ಬದುಕಿದರೆ ಅವಳ ಶಾಂತಿ ಚಳವಳಿಯಿಂದ ಅಮೆರಿಕ ಯುದ್ಧಕ್ಕೆ ಇಳಿಯುವುದು ತಡವಾಗುತ್ತದೆ, ಅಷ್ಟರಲ್ಲಿ ಜರ್ಮನಿ ಅಣುಬಾಂಬು ಮಾಡಿಕೊಂಡು ಗೆಲ್ಲುತ್ತದೆ. ಇದು ಸ್ಪಾಕ್‌ನ ಲೆಕ್ಕ.

ನಮ್ಮಲ್ಲಿಗೆ ಬಂದ ದಾರಿ

ಕಾಲದಲ್ಲಿ ಪಯಣಿಸುವ ಕಲ್ಪನೆ ನಮಗೆ ಹೊಸದಲ್ಲ. ಭಾಗವತದ ಒಂಬತ್ತನೆಯ ಸ್ಕಂಧದಲ್ಲಿ ಕಕುದ್ಮಿ ಮಹಾರಾಜ ಮಗಳು ರೇವತಿಗೆ ಗಂಡು ಗೊತ್ತುಮಾಡಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಗಾನ ಮುಗಿಯಲೆಂದು ಸ್ವಲ್ಪ ಹೊತ್ತು ಕಾಯುವಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಕಳೆದಿರುತ್ತವೆ. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರು, ಅವರ ಮಕ್ಕಳು ಮೊಮ್ಮಕ್ಕಳು ಯಾರೂ ಉಳಿದಿರುವುದಿಲ್ಲ. ಕೊನೆಗೆ ರೇವತಿಯ ಮದುವೆ ಬಲರಾಮನೊಡನೆ ಆಗುತ್ತದೆ. ಇದು ಮುಂದಕ್ಕೆ ಹೋಗುವ ಕಥೆ. ಹಿಂದಕ್ಕೆ ಹೋಗಿ ತಿದ್ದುವ ಆಸೆ ಇದರಲ್ಲಿಲ್ಲ.

ಆ ಆಸೆಯನ್ನು ನಮ್ಮ ಮನೆಗಳಿಗೆ ತಂದದ್ದು ತೆರೆ. 1980ರ ದಶಕದಲ್ಲಿ ದೂರದರ್ಶನ ‘ಸ್ಟಾರ್ ಟ್ರೆಕ್’ ತೋರಿಸಿತು. 1989ರಲ್ಲಿ ಗಿರೀಶ ಕಾರ್ನಾಡರು ನಟಿಸಿದ್ದ ‘ಇಂದ್ರಧನುಷ್’ ಧಾರಾವಾಹಿಯಲ್ಲಿ ಮಕ್ಕಳು, ಕಂಪ್ಯೂಟರು, ಕಾಲಪ್ರಯಾಣ ಒಟ್ಟಿಗೆ ಬಂದವು. ಕನ್ನಡದಲ್ಲಿ ‘ಹಾಲು ಜೇನು’, ‘ಚಲಿಸುವ ಮೋಡಗಳು’ ಮಾಡಿದ ಸಿಂಗೀತಂ ಶ್ರೀನಿವಾಸರಾವ್ 1991ರ ತೆಲುಗು ಚಿತ್ರ ‘ಆದಿತ್ಯ 369’ರಲ್ಲಿ ಯಂತ್ರವೊಂದನ್ನು 1526ರ ವಿಜಯನಗರಕ್ಕೆ, ಕೃಷ್ಣದೇವರಾಯನ ಆಸ್ಥಾನಕ್ಕೆ ಕಳಿಸಿದರು. ಕನ್ನಡದಲ್ಲೇ 2024ರಲ್ಲಿ ಶ್ರೀನಿಧಿ ಬೆಂಗಳೂರು ನಿರ್ದೇಶಿಸಿ ದೀಕ್ಷಿತ್ ಶೆಟ್ಟಿ ನಟಿಸಿದ ‘ಬ್ಲಿಂಕ್’ ಬಂತು.

ಇಂದು ಬೆಂಗಳೂರಿನಲ್ಲಿ ಇಂಥ ಚರ್ಚೆಗಳ ನೆಲೆ ನಗರದ ಅಂಚಿಗೆ ಸರಿದಿದೆ. ಕಾಮಿಕ್ ಕಾನ್ ಮೇಳ ನೆರೆಯುವುದು ವೈಟ್‌ಫೀಲ್ಡಿನ ಕೆಟಿಪಿಒ ಸಭಾಂಗಣದಲ್ಲಿ. ಅಮೆರಿಕದ ಗಡಿಯಾರಕ್ಕೆ ತಕ್ಕಂತೆ ಶಿಫ್ಟ್ ಮಾಡುವ ಎಲೆಕ್ಟ್ರಾನಿಕ್ ಸಿಟಿಯ ಎಂಜಿನಿಯರುಗಳಿಗೆ, ಒಂದೇ ಹೊತ್ತಿನಲ್ಲಿ ಎರಡು ಕಾಲಗಳಲ್ಲಿ ಇರುವುದು ದಿನಚರಿ. ಕೆಟ್ಟುಹೋದ ಸಾಫ್ಟ್‌ವೇರ್ ರಿಲೀಸನ್ನು ಹಿಂದಕ್ಕೆ ಸರಿಸುವುದು ಅವರ ವೃತ್ತಿ. ಆದ್ದರಿಂದ ಈ ಕಂತನ್ನು ನೋಡುವ ಒಂದು ವಿಶೇಷ ದೃಷ್ಟಿ ಈ ಭಾಗಕ್ಕಿದೆ. ಅದನ್ನು ಮುಂದೆ ನೋಡೋಣ.

ಮೊದಲ ಜಗಳ: ಈ ಕಥೆ ಯಾರದು?

ಚಿತ್ರಕಥೆ ಬರೆದವರು ಹಾರ್ಲನ್ ಎಲಿಸನ್. ಅವರ ಬರಹ ತಡವಾಯಿತು, ಅದರ ಖರ್ಚು ಸರಣಿಯ ಬಜೆಟ್ಟಿಗೆ ಮೀರಿತು. ಸ್ಟೀವನ್ ಕ್ಯಾರಾಬಾಟ್ಸೊಸ್, ಜೀನ್ ಕೂನ್, ಡಿ.ಸಿ. ಫಾಂಟಾನಾ ಮತ್ತು ಸರಣಿಯ ಜನಕ ಜೀನ್ ರಾಡೆನ್‌ಬೆರಿ ಒಬ್ಬರಾದ ಮೇಲೊಬ್ಬರು ಅದನ್ನು ತಿದ್ದಿದರು. ಎಲಿಸನ್ ಬದುಕಿರುವವರೆಗೂ ಆ ಸಿಟ್ಟನ್ನು ಬಿಡಲಿಲ್ಲ. ಪ್ರಸಾರವಾದ ಕಂತಿಗೆ 1968ರಲ್ಲಿ ಹ್ಯೂಗೊ ಪ್ರಶಸ್ತಿ ಬಂತು. ಎಲಿಸನ್ನರ ಮೂಲ ಬರಹಕ್ಕೆ ಲೇಖಕರ ಸಂಘ ಪ್ರಶಸ್ತಿ ಕೊಟ್ಟಿತು. ಒಂದೇ ಕಥೆಯ ಎರಡು ರೂಪಗಳಿಗೂ ಮನ್ನಣೆ ದಕ್ಕಿದ್ದರಿಂದ ವಿವಾದ ತಣ್ಣಗಾಗುವ ಬದಲು ಇನ್ನಷ್ಟು ಬೆಳೆಯಿತು. 1990ರ ದಶಕದಲ್ಲಿ ಎಲಿಸನ್ ಮೂಲ ಬರಹವನ್ನು ಸುದೀರ್ಘ ಮುನ್ನುಡಿಯೊಡನೆ ಪುಸ್ತಕವಾಗಿ ತಂದರು. 2014ರಲ್ಲಿ ಅದು ಕಾಮಿಕ್ ಮಾಲಿಕೆಯಾಗಿಯೂ ಬಂತು.

ವ್ಯತ್ಯಾಸ ಸಣ್ಣದಲ್ಲ. ಮೂಲದಲ್ಲಿ ಕಾಲವನ್ನು ಕೆಡಿಸುವವನು ಮೆಕಾಯ್ ಅಲ್ಲ. ನೌಕೆಯಲ್ಲೇ ಮಾದಕವಸ್ತು ಮಾರುವ ಬೆಕ್‌ವಿತ್ ಎಂಬ ಅಧಿಕಾರಿ. ಕೊನೆಯ ಗಳಿಗೆಯಲ್ಲಿ ಕರ್ಕ್ ಕೈಯಲ್ಲಿ ಆಗುವುದಿಲ್ಲ, ಪ್ರೀತಿ ಅವನನ್ನು ಕಟ್ಟಿಹಾಕುತ್ತದೆ. ತಡೆಯುವವನು ಸ್ಪಾಕ್. ಎಲಿಸನ್ ಪಕ್ಷದವರ ವಾದ ಇದು: ಇಡೀ ವಿಶ್ವವನ್ನು ಒಂದು ತಕ್ಕಡಿಗೆ, ಪ್ರೀತಿಸಿದವಳನ್ನು ಇನ್ನೊಂದಕ್ಕೆ ಹಾಕಿದಾಗ ಮನುಷ್ಯ ಸೋಲುತ್ತಾನೆ, ಆ ಸೋಲೇ ಮನುಷ್ಯತ್ವ. ಪ್ರಸಾರವಾದ ಕಂತಿನ ಪಕ್ಷದವರು ಹೇಳುವುದು ಬೇರೆ: ನಿರ್ಧಾರ ಇನ್ನೊಬ್ಬರ ಕೈಗೆ ಹೋದರೆ ದುರಂತವೂ ಅವರದಾಗುತ್ತದೆ. ತಾನೇ ತಡೆದು, ತಾನೇ ಅನುಭವಿಸುವ ಕರ್ಕ್‌ನಲ್ಲಿ ದುರಂತ ಪೂರ್ಣವಾಗುತ್ತದೆ.

ನಾಟಕವಾಗಿ ನೋಡಿದರೆ ಎರಡನೆಯ ಪಕ್ಷದ್ದೇ ಮೇಲುಗೈ ಎಂದು ನನಗನ್ನಿಸುತ್ತದೆ. ನಿರ್ದೇಶಕ ಜೋಸೆಫ್ ಪೆವ್ನಿ ಆ ದೃಶ್ಯದಲ್ಲಿ ಲಾರಿಯನ್ನಾಗಲಿ ಈಡಿತ್‌ಳನ್ನಾಗಲಿ ಹೆಚ್ಚು ತೋರಿಸದೆ ಕರ್ಕ್‌ನ ಮುಖದ ಮೇಲೆ ನಿಲ್ಲುತ್ತಾರೆ. ಆದರೆ ತಿದ್ದುಪಡಿಯಲ್ಲಿ ಒಂದು ಬೆಲೆಬಾಳುವ ಪಾತ್ರ ಕಳೆದುಹೋಯಿತು. ಅದನ್ನು ಮುಂದೆ ಹೇಳುತ್ತೇನೆ.

ಎರಡನೆಯ ಪ್ರಶ್ನೆ: ಭೂತಕಾಲವನ್ನು ತಿದ್ದಲು ಬರುತ್ತದೆಯೇ?

ಇಲ್ಲಿ ಮೂರು ಪಂಥಗಳಿವೆ.

ಮೊದಲನೆಯದು ಅಳಿಸಿ ಬರೆಯುವ ಕಾಲ. ಇತಿಹಾಸ ಒಂದೇ, ಹಿಂದೆ ಕೈಯಾಡಿಸಿದರೆ ಮುಂದಿನದೆಲ್ಲ ಅಳಿದು ಹೊಸದು ಮೂಡುತ್ತದೆ. 1952ರಲ್ಲಿ ರೇ ಬ್ರಾಡ್‌ಬರಿ ಬರೆದ ಕಥೆಯಲ್ಲಿ ಒಂದು ಚಿಟ್ಟೆ ಕಾಲಿಗೆ ಸಿಕ್ಕು ಸತ್ತದ್ದಕ್ಕೆ ಒಂದು ದೇಶದ ಚುನಾವಣೆಯ ಫಲಿತಾಂಶವೇ ಬದಲಾಗುತ್ತದೆ. ನಮ್ಮ ಕಂತು ಮೇಲ್ನೋಟಕ್ಕೆ ಈ ಪಂಥದ್ದೇ. ನೌಕೆ ಕಣ್ಮರೆಯಾದದ್ದನ್ನು ಇದು ನೇರವಾಗಿ ವಿವರಿಸುತ್ತದೆ. ವಿವರಿಸದೆ ಬಿಡುವುದೂ ಒಂದಿದೆ: ಮನುಕುಲದ ಆ ಭವಿಷ್ಯವೇ ಅಳಿದಿದ್ದರೆ, ಗ್ರಹದ ಮೇಲೆ ನಿಂತಿದ್ದ ಕರ್ಕ್ ಮತ್ತು ಸಂಗಡಿಗರು ಹೇಗೆ ಉಳಿದರು, ಅವರ ನೆನಪು ಹೇಗೆ ಉಳಿಯಿತು? ಗಾರ್ಡಿಯನ್ ಹತ್ತಿರ ಇದ್ದುದರಿಂದ ರಕ್ಷಣೆ ಸಿಕ್ಕಿತು ಎಂಬುದು ಅಭಿಮಾನಿಗಳು ಕೊಟ್ಟುಕೊಂಡ ಉತ್ತರ. ಕಂತಿನಲ್ಲಿ ಅದಕ್ಕೆ ಗಟ್ಟಿ ಆಧಾರವಿಲ್ಲ.

ಎರಡನೆಯದು ಮುಚ್ಚಿದ ವೃತ್ತ. ಹಿಂದಕ್ಕೆ ಹೋದವರು ಏನು ಮಾಡಿದರೂ ಅದು ಮೊದಲೇ ಇತಿಹಾಸದ ಭಾಗವಾಗಿತ್ತು, ಬದಲಾವಣೆ ಎಂಬುದೇ ಇಲ್ಲ. ರಾಬರ್ಟ್ ಹೈನ್‌ಲೈನ್ 1941ರಲ್ಲೇ ಇಂಥ ಕಥೆ ಬರೆದರು. ತತ್ತ್ವಶಾಸ್ತ್ರಜ್ಞ ಡೇವಿಡ್ ಲೂಯಿಸ್ 1976ರ ಪ್ರಬಂಧದಲ್ಲಿ ಇದರಲ್ಲಿ ತರ್ಕದ ದೋಷವಿಲ್ಲ ಎಂದು ವಾದಿಸಿದರು. ರಷ್ಯದ ಭೌತವಿಜ್ಞಾನಿ ಇಗೊರ್ ನೊವಿಕೊವ್ 1980ರ ದಶಕದಲ್ಲಿ ಇದಕ್ಕೆ ಭೌತಶಾಸ್ತ್ರದ ಚೌಕಟ್ಟು ಕೊಟ್ಟರು. ಕಂಸನ ಕಥೆ ಬಲ್ಲ ನಮಗೆ ಈ ಪಂಥ ಪರಿಚಿತ. ಅಲ್ಲಿ ಕಾಲಪ್ರಯಾಣವಿಲ್ಲ, ಬರಿಯ ಅಶರೀರವಾಣಿ ಇದೆ. ಆದರೂ ತಪ್ಪಿಸಲು ಮಾಡಿದ ಪ್ರಯತ್ನವೇ ಆಗಬೇಕಾದ್ದನ್ನು ಆಗಿಸುತ್ತದೆ.

ಈ ಪಂಥದವರ ಅತ್ಯಂತ ಬಲವಾದ ಸಾಕ್ಷ್ಯ ಆ ಅಪಘಾತದ ದೃಶ್ಯದಲ್ಲೇ ಇದೆ. ಕರ್ಕ್ ಮತ್ತು ಈಡಿತ್ ಸಿನಿಮಾಕ್ಕೆಂದು ಹೊರಟಿದ್ದಾರೆ. ಮಾತಿನ ನಡುವೆ ಅವಳು ಮೆಕಾಯ್ ಹೆಸರೆತ್ತುತ್ತಾಳೆ. ಕರ್ಕ್ ಬೆಚ್ಚಿ, ಅವಳನ್ನು ಅಲ್ಲೇ ನಿಲ್ಲಿಸಿ, ರಸ್ತೆ ದಾಟಿ ಸ್ಪಾಕ್ ಬಳಿಗೆ ಓಡುತ್ತಾನೆ. ಅಷ್ಟರಲ್ಲಿ ಈಡಿತ್‌ಳ ಛತ್ರದ ಬಾಗಿಲಿನಿಂದ ಮೆಕಾಯ್ ಹೊರಬರುತ್ತಾನೆ. ಮೂವರೂ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಾರೆ. ಇವರಿಗೇನಾಯಿತು ಎಂದು ಅಚ್ಚರಿಯಿಂದ ನೋಡುತ್ತ ಈಡಿತ್ ರಸ್ತೆಗೆ ಇಳಿಯುತ್ತಾಳೆ. ಲಾರಿಯ ಕಡೆ ಅವಳ ಗಮನವಿಲ್ಲ. ಅಂದರೆ ಭವಿಷ್ಯದಿಂದ ಬಂದ ಈ ಮೂವರು ಅಲ್ಲಿ ಇರದಿದ್ದರೆ ಅವಳು ಆ ಗಳಿಗೆಯಲ್ಲಿ ರಸ್ತೆಗೆ ಇಳಿಯುತ್ತಲೇ ಇರಲಿಲ್ಲ. ಹಾಗಾದರೆ ‘ಮೂಲ’ ಇತಿಹಾಸದಲ್ಲಿ ಅವಳು ಸತ್ತದ್ದು ಹೇಗೆ? ಅವರು ಮೊದಲಿನಿಂದಲೂ ಅಲ್ಲಿದ್ದರು ಎಂಬುದು ವೃತ್ತದವರ ಉತ್ತರ. ಹಾಗೆಂದರೆ ನೌಕೆ ಕಣ್ಮರೆಯಾದದ್ದೇಕೆ ಎಂಬ ಪ್ರಶ್ನೆಗೆ ಅವರ ಬಳಿ ಮಾತಿಲ್ಲ.

ಮೂರನೆಯದು ಕವಲೊಡೆಯುವ ಕಾಲ. 1957ರಲ್ಲಿ ಹ್ಯೂ ಎವರೆಟ್ ಕ್ವಾಂಟಮ್ ಸಿದ್ಧಾಂತಕ್ಕೆ ಕೊಟ್ಟ ವ್ಯಾಖ್ಯಾನವನ್ನು ಡೇವಿಡ್ ಡಾಯ್ಚ್ 1991ರಲ್ಲಿ ಕಾಲಪ್ರಯಾಣದ ಸಮಸ್ಯೆಗೆ ಅನ್ವಯಿಸಿದರು. ಹಿಂದಕ್ಕೆ ಹೋದವನು ಬೇರೊಂದು ಕವಲಿಗೆ ಹೋಗುತ್ತಾನೆ. ತಾನು ಬಂದ ಕವಲು ತನ್ನ ಪಾಡಿಗೆ ಇರುತ್ತದೆ. 2009ರ ‘ಸ್ಟಾರ್ ಟ್ರೆಕ್’ ಚಲನಚಿತ್ರ ಈ ದಾರಿಯನ್ನೇ ಹಿಡಿಯಿತು. ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಸಲೀಸಾಗಿ ಒಪ್ಪಿಗೆಯಾಗುವ ಪಂಥ ಇದು. ಸಾಫ್ಟ್‌ವೇರಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ಹಳೆಯ ಕಮಿಟ್ಟಿಗೆ ಹೋಗಿ ಹೊಸ ಬ್ರಾಂಚ್ ತೆಗೆದರೆ ಮೇನ್ ಬ್ರಾಂಚಿಗೆ ಏನೂ ಆಗುವುದಿಲ್ಲ. ಇತಿಹಾಸವನ್ನೇ ತಿದ್ದಿ ಬಲವಂತವಾಗಿ ಪುಶ್ ಮಾಡಿದಾಗ ಮಾತ್ರ ಹಳೆಯದು ಕಾಣೆಯಾಗುತ್ತದೆ. ಕಾಲ ಇವೆರಡರಲ್ಲಿ ಯಾವ ರೀತಿಯದು ಎಂಬುದೇ ಮೊದಲ ಮತ್ತು ಮೂರನೆಯ ಪಂಥಗಳ ನಡುವಿನ ಜಗಳ.

ಈ ವಿವರಣೆ ತರ್ಕಕ್ಕೆ ಅಚ್ಚುಕಟ್ಟಾಗಿದೆ, ಆದರೆ ನೀತಿಗೆ ಬಹಳ ದುಬಾರಿ. ಕವಲುಗಳೇ ನಿಜವಾದರೆ ಕರ್ಕ್‌ನ ಜಗತ್ತು ನಾಶವಾಗಿಯೇ ಇರಲಿಲ್ಲ. ಅವನು ಕಳೆದುಕೊಂಡದ್ದು ಮನೆಗೆ ಮರಳುವ ದಾರಿಯನ್ನು ಮಾತ್ರ. ಕೋಟ್ಯಂತರ ಜನರನ್ನು ಉಳಿಸಲು ಒಬ್ಬಳನ್ನು ಕಳೆದುಕೊಂಡೆ ಎಂಬ ಸಮಾಧಾನವೂ ಆಗ ಅವನಿಗೆ ಉಳಿಯುವುದಿಲ್ಲ. ಕವಲಿನ ಪಂಥವನ್ನು ಹಗುರವಾಗಿ ಒಪ್ಪುವವರು ಈ ಪರಿಣಾಮವನ್ನು ಎದುರಿಸಬೇಕು.

ಭೌತವಿಜ್ಞಾನ ಏನು ಹೇಳುತ್ತದೆ? ಕುರ್ಟ್ ಗೋಡೆಲ್ 1949ರಲ್ಲಿ ಐನ್‌ಸ್ಟೈನರ ಸಮೀಕರಣಗಳಿಂದಲೇ ತನ್ನ ಭೂತಕಾಲಕ್ಕೆ ಮರಳಬಲ್ಲ ಪಥಗಳಿರುವ ವಿಶ್ವವೊಂದನ್ನು ಹೊಮ್ಮಿಸಿ ತೋರಿಸಿದರು. 1988ರಲ್ಲಿ ಕಿಪ್ ಥಾರ್ನ್ ಮತ್ತು ಸಹೋದ್ಯೋಗಿಗಳು ಹುಳುರಂಧ್ರಗಳ ಮೂಲಕ ಅದು ಸಾಧ್ಯವೇ ಎಂದು ಲೆಕ್ಕ ಹಾಕಿದರು. 1992ರಲ್ಲಿ ಸ್ಟೀಫನ್ ಹಾಕಿಂಗ್, ನಿಸರ್ಗದ ನಿಯಮಗಳೇ ಇದನ್ನು ತಡೆಯುತ್ತವೆ ಎಂಬ ಊಹೆ ಮುಂದಿಟ್ಟರು. ಅದು ಇವತ್ತಿಗೂ ಊಹೆಯೇ. ಮುಂದಕ್ಕೆ ಹೋಗುವುದರಲ್ಲಿ ಮಾತ್ರ ಸಂಶಯವಿಲ್ಲ, ಅದರ ಸಾಕ್ಷಿ ಉಪಗ್ರಹಗಳ ಗಡಿಯಾರಗಳಲ್ಲಿದೆ. ಪೀಣ್ಯದ ಕಾರ್ಖಾನೆಗಳ ನಡುವೆ ಇಸ್ರೋದ ಇಸ್ಟ್ರಾಕ್ ಕೇಂದ್ರವಿದೆ. ನಮ್ಮ ಉಪಗ್ರಹಗಳ ಮೇಲೆ ಕಣ್ಣಿಡುವುದು ಅದರ ಕೆಲಸ. ಪಥನಿರ್ದೇಶನದ ಉಪಗ್ರಹಗಳಲ್ಲಿರುವ ಪರಮಾಣು ಗಡಿಯಾರಗಳು ನೆಲದ ಗಡಿಯಾರಗಳಷ್ಟೇ ವೇಗದಲ್ಲಿ ಓಡುವುದಿಲ್ಲ. ಜಿಪಿಎಸ್ ಉಪಗ್ರಹಗಳಲ್ಲಿ ವೇಗದಿಂದಾಗಿ ದಿನಕ್ಕೆ ಸುಮಾರು 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತವೆ, ಗುರುತ್ವ ಕಡಿಮೆಯಾದ್ದರಿಂದ ಸುಮಾರು 45 ಮೈಕ್ರೋಸೆಕೆಂಡ್ ಮುಂದೆ ಓಡುತ್ತವೆ, ಒಟ್ಟು 38 ಮುಂದೆ. ಇದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಸ್ಥಳದ ಲೆಕ್ಕ ಕಿಲೋಮೀಟರುಗಟ್ಟಲೆ ತಪ್ಪುತ್ತದೆ. ಕಕುದ್ಮಿಯ ಕಥೆಯಲ್ಲಿ ಕಾಲ ಎರಡು ಕಡೆ ಎರಡು ಗತಿಯಲ್ಲಿ ಓಡುವುದು ಕಲ್ಪನೆಯಾಗಿತ್ತು. ಇಂದು ಓಲಾ, ಉಬರ್ ಕ್ಯಾಬುಗಳು ನಮ್ಮ ಬಾಗಿಲಿಗೆ ಬರುವುದು ಆ ವ್ಯತ್ಯಾಸವನ್ನು ಲೆಕ್ಕ ಹಿಡಿದೇ.

ಮೂರನೆಯ ಪ್ರಶ್ನೆ: ಒಬ್ಬಳಿಂದ ಇತಿಹಾಸ ತಿರುಗುತ್ತದೆಯೇ?

ವ್ಯಕ್ತಿಗಳು ಇತಿಹಾಸವನ್ನು ಮಾಡುತ್ತಾರೆ ಎಂಬುದು ಒಂದು ಮತ. ಹತ್ತೊಂಬತ್ತನೆಯ ಶತಮಾನದ ಥಾಮಸ್ ಕಾರ್ಲೈಲ್ ಇದರ ದೊಡ್ಡ ವಕ್ತಾರ. ವ್ಯಕ್ತಿ ಇರದಿದ್ದರೂ ಅದೇ ಶಕ್ತಿಗಳು ಇನ್ನೊಬ್ಬನ ಮೂಲಕ ಅದೇ ಕಡೆಗೆ ಹರಿಯುತ್ತವೆ ಎಂಬುದು ಇನ್ನೊಂದು ಮತ. ಪ್ಲೆಖಾನೊವ್ 1898ರಲ್ಲಿ ಇದನ್ನು ವಿವರವಾಗಿ ಮಂಡಿಸಿದರು.

ಜಯಂತ ನಾರ್ಳೀಕರರ ‘ದಿ ಅಡ್ವೆಂಚರ್’ ಕಥೆ ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಇಂಗ್ಲಿಷ್ ಪಠ್ಯದಲ್ಲಿದೆ. ಸಿಬಿಎಸ್‌ಇ ಓದಿದ ನಮ್ಮ ಮಕ್ಕಳಿಗೆ ಅದು ಗೊತ್ತು. ಅದರಲ್ಲಿ 1761ರ ಪಾಣಿಪತ್ ಯುದ್ಧದಲ್ಲಿ ಮರಾಠರ ವಿಶ್ವಾಸರಾಯನಿಗೆ ಗುಂಡು ತಗಲದೆ ಹೋಗುತ್ತದೆ, ಮರಾಠರು ಗೆಲ್ಲುತ್ತಾರೆ, ಭಾರತದ ಇತಿಹಾಸವೇ ಬೇರೆಯಾಗುತ್ತದೆ. ಪುಣೆಯ ಪ್ರಾಧ್ಯಾಪಕರೊಬ್ಬರು ಆ ಬೇರೆ ಭಾರತದಲ್ಲಿ ಸುತ್ತಾಡಿ ಬರುತ್ತಾರೆ. ಇದೂ ಈಡಿತ್ ಕಥೆಯ ಜಾತಿಯದೇ: ಒಂದು ಜೀವ, ಒಂದು ಗಳಿಗೆ, ಎರಡು ಇತಿಹಾಸ.

ಸ್ಪಾಕ್‌ನ ಲೆಕ್ಕವನ್ನು ನಿಜ ಇತಿಹಾಸದ ಮುಂದಿಟ್ಟು ನೋಡಬಹುದು. ಅಮೆರಿಕ ಯುದ್ಧಕ್ಕಿಳಿಯಬಾರದು ಎಂಬ ದೊಡ್ಡ ಚಳವಳಿ ನಿಜವಾಗಿಯೂ ಇತ್ತು. 1940ರಲ್ಲಿ ಹುಟ್ಟಿದ ‘ಅಮೆರಿಕ ಫಸ್ಟ್’ ಸಮಿತಿಗೆ ವಿಮಾನಯಾನದ ವೀರ ಚಾರ್ಲ್ಸ್ ಲಿಂಡ್‌ಬರ್ಗ್‌ನಂಥ ಖ್ಯಾತನ ದನಿಯಿತ್ತು. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾದ ಕೆಲವೇ ದಿನಗಳಲ್ಲಿ ಅದು ಮುಚ್ಚಿಹೋಯಿತು. ಒಂದು ಛತ್ರ ನಡೆಸುವ ಹೆಂಗಸು ಇದಕ್ಕಿಂತ ಹೆಚ್ಚಿನದನ್ನು ಮಾಡಬಲ್ಲವಳಾಗಿದ್ದಳೇ? ಜರ್ಮನಿಯ ಅಣುಬಾಂಬು ಯೋಜನೆಯೂ 1942ರ ಹೊತ್ತಿಗೆ ಸೈನ್ಯದ ಆದ್ಯತೆಯಿಂದ ಜಾರಿತ್ತು. ಅದು ಬೇಡುತ್ತಿದ್ದ ಭಾರಜಲ ತಯಾರಾಗುತ್ತಿದ್ದ ನಾರ್ವೆಯ ಕಾರ್ಖಾನೆಯನ್ನು 1943ರ ಫೆಬ್ರವರಿಯಲ್ಲಿ ನಾರ್ವೆಯ ಯೋಧರು ಸ್ಫೋಟಿಸಿದರು. ಇವನ್ನು ಮುಂದಿಟ್ಟು ಎರಡನೆಯ ಮತದವರು ಸ್ಪಾಕ್ ಲೆಕ್ಕ ತೀರಾ ತೆಳುವಾದದ್ದು ಎನ್ನುತ್ತಾರೆ. ಮೊದಲನೆಯ ಮತದವರ ಉತ್ತರ: 1936ರ ಹೊತ್ತಿಗೇ ಬೆಳೆದ ಚಳವಳಿ ಸೈನ್ಯಕ್ಕೆ ಹಣ ಸಿಗದಂತೆ ಮಾಡಿದ್ದರೆ 1941 ಬೇರೆಯದೇ ಆಗಿರುತ್ತಿತ್ತು.

ಇದೇ ಜಗಳ ನಮ್ಮ ನೆಲದ ಮೇಲೂ ಇದೆ. 1970ರ ದಶಕದ ಕೊನೆಗೆ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರು ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕನಸು ಕಟ್ಟಿದರು. ಅವರಿಲ್ಲದಿದ್ದರೆ ಬೆಂಗಳೂರು ಇಂದಿನ ಬೆಂಗಳೂರಾಗುತ್ತಿತ್ತೇ? ಆಗುತ್ತಿರಲಿಲ್ಲ ಎನ್ನುವವರು ಅವರ ದೂರದೃಷ್ಟಿಯನ್ನು ತೋರಿಸುತ್ತಾರೆ. ಆಗುತ್ತಿತ್ತು ಎನ್ನುವವರು 1909ರ ಟಾಟಾ ಇನ್‌ಸ್ಟಿಟ್ಯೂಟ್, 1940ರ ಎಚ್‌ಎಎಲ್, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್ ಎಂದು ಪಟ್ಟಿ ಕೊಡುತ್ತಾರೆ. ಎಂಜಿನಿಯರುಗಳು, ತರಬೇತಾದ ಕೈಗಳು, ಪೀಣ್ಯದ ಬಿಡಿಭಾಗ ತಯಾರಕರು ಇದ್ದ ಊರಿಗೆ ಉದ್ಯಮ ಬಂದೇ ಬರುತ್ತಿತ್ತು ಎಂಬುದು ಅವರ ವಾದ. ಎರಡರಲ್ಲೂ ಸತ್ಯವಿದೆ: ನೆಲ ಹದವಾಗಿತ್ತು ಎಂಬುದು ನಿಜ, ಯಾವ ದಿಕ್ಕಿನಲ್ಲಿ ಯಾವ ಊರಿನ ಮೇಲೆ ನಗರ ಬೆಳೆಯಿತು ಎಂಬುದರಲ್ಲಿ ವ್ಯಕ್ತಿಯ ಕೈ ಇತ್ತು ಎಂಬುದೂ ನಿಜ.

ನಾಲ್ಕನೆಯ ಪ್ರಶ್ನೆ: ತಡೆದದ್ದು ಸರಿಯೇ?

ಕರ್ಕ್ ಈಡಿತ್‌ಳನ್ನು ಕೊಲ್ಲುವುದಿಲ್ಲ. ಉಳಿಸಲು ಹೊರಟ ಕೈಯನ್ನು ಹಿಡಿಯುತ್ತಾನೆ. ಇವೆರಡರ ನಡುವೆ ವ್ಯತ್ಯಾಸವಿದೆಯೇ? ಬ್ರಿಟನ್ನಿನ ತತ್ತ್ವಶಾಸ್ತ್ರಜ್ಞೆ ಫಿಲಿಪಾ ಫುಟ್ ಹಿಡಿತ ತಪ್ಪಿ ನುಗ್ಗುವ ಟ್ರಾಮಿನ ಪ್ರಸಿದ್ಧ ಉದಾಹರಣೆಯನ್ನು ಮುಂದಿಟ್ಟದ್ದೂ ಇದೇ 1967ರಲ್ಲಿ: ಐವರನ್ನು ಉಳಿಸಲು ಒಬ್ಬನಿರುವ ಹಳಿಗೆ ತಿರುಗಿಸಬಹುದೇ?

ಫಲದ ಲೆಕ್ಕ ನೋಡುವವರಿಗೆ ಉತ್ತರ ಸುಲಭ: ಕೋಟಿಗಳ ಎದುರು ಒಂದು. ಕರ್ತವ್ಯದ ಪಂಥದವರು ಎರಡಾಗಿ ಒಡೆಯುತ್ತಾರೆ. ಇತಿಹಾಸವನ್ನು ಇದ್ದಂತೆ ಮರಳಿಸುವುದೇ ಕರ್ಕ್‌ನ ಹೊಣೆ, ತನಗಿಷ್ಟವಾದ ಇತಿಹಾಸವನ್ನು ಆರಿಸಲು ಅವನಿಗೆ ಅಧಿಕಾರವಿಲ್ಲ ಎಂದು ಕೆಲವರು. ಕಣ್ಣೆದುರಿನ ಹೆಂಗಸಿಗೆ ಸಲ್ಲಬೇಕಾದ್ದು ಮೊದಲು ಸಲ್ಲಬೇಕು, ಇನ್ನೂ ಹುಟ್ಟದವರ ಹೆಸರಿನಲ್ಲಿ ಅವಳನ್ನು ಬಲಿಗೊಡುವಂತಿಲ್ಲ ಎಂದು ಇನ್ನು ಕೆಲವರು. ಮೂರನೆಯ ಗುಂಪು ಬಿಡಿಸಿ ಹೇಳುವುದು ಬೇರೆ ಮಾತು: ಕರ್ಕ್ ಅವಳಿಗೆ ನಿಜ ಹೇಳಲೇ ಇಲ್ಲ. ನಿನ್ನ ಬದುಕಿನ ಮೇಲೆ ಇಷ್ಟು ನಿಂತಿದೆ ಎಂದು ತಿಳಿಸಿದ್ದರೆ, ಭವಿಷ್ಯವನ್ನು ಅಷ್ಟು ನಂಬಿದ್ದ ಅವಳು ಬೇರೆ ದಾರಿ ಹುಡುಕುತ್ತಿರಲಿಲ್ಲವೇ? ತನ್ನ ಚಳವಳಿಯನ್ನೇ ಬಿಡುತ್ತಿರಲಿಲ್ಲವೇ? ಈ ಮೂರನೆಯ ವಾದಕ್ಕೆ ಸಮಾಧಾನಕರ ಉತ್ತರ ನಾನು ಕಂಡಿಲ್ಲ. ಕಥೆಯಲ್ಲಿ ಎಲ್ಲರೂ ಅವಳ ಬಗ್ಗೆ ನಿರ್ಧರಿಸುತ್ತಾರೆ, ಯಾರೂ ಅವಳನ್ನು ಕೇಳುವುದಿಲ್ಲ.

2023ರಲ್ಲಿ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಸರಣಿ ಈ ಪ್ರಶ್ನೆಯನ್ನು ತಿರುವಿಹಾಕಿತು. ಅಲ್ಲಿ ಮುಂದೆ ಕ್ರೂರ ಸರ್ವಾಧಿಕಾರಿಯಾಗಲಿರುವ ಖಾನ್ ಇನ್ನೂ ಮಗು. ನಾಯಕಿ ಲಾಆನ್ ಇತಿಹಾಸವನ್ನು ಉಳಿಸಲು ಆ ಮಗುವನ್ನು ಕಾಪಾಡಬೇಕು. ಒಳ್ಳೆಯವಳು ಸಾಯಬೇಕು, ಕೆಟ್ಟವನಾಗುವವನು ಬದುಕಬೇಕು. ಎರಡೂ ಕಂತುಗಳನ್ನು ಒಟ್ಟಿಗಿಟ್ಟರೆ ಇತಿಹಾಸ ಮತ್ತು ನ್ಯಾಯ ಒಂದೇ ಅಲ್ಲ ಎಂಬುದು ಸ್ಪಷ್ಟವಾಗುತ್ತದೆ.

1930, 1967 ಮತ್ತು ಶಾಂತಿಯ ಮಾತು

ಕಂತು ಬಂದಾಗ ವಿಯೆಟ್ನಾಂ ಯುದ್ಧ ಉರಿಯುತ್ತಿತ್ತು. ಪ್ರಸಾರಕ್ಕೆ ಎರಡೇ ದಿನ ಮೊದಲು, 1967ರ ಏಪ್ರಿಲ್ 4ರಂದು, ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಆ ಯುದ್ಧವನ್ನು ಬಹಿರಂಗವಾಗಿ ಖಂಡಿಸಿದ್ದರು. ಅದೇ ವಾರ ಶಾಂತಿವಾದಿ ಹೆಂಗಸೊಬ್ಬಳು ಸತ್ತರೆ ಮಾತ್ರ ಜಗತ್ತು ಉಳಿಯುತ್ತದೆ ಎಂದು ಟಿವಿ ಹೇಳಿತು. ವಿಮರ್ಶಕ ಎಚ್. ಬ್ರೂಸ್ ಫ್ರಾಂಕ್ಲಿನ್ ಇದನ್ನು ಯುದ್ಧವಿರೋಧಿ ಚಳವಳಿಯ ವಿರುದ್ಧದ ದೃಷ್ಟಾಂತವಾಗಿ ಓದಿದ್ದಾರೆ. ಅವಳು ಹೇಳಿದ್ದು ಸರಿ, ಹೇಳಿದ ಕಾಲ ಸರಿಯಿಲ್ಲ ಎಂದು ಸ್ಪಾಕ್‌ನ ಬಾಯಲ್ಲೇ ಬರುವುದರಿಂದ ಕಂತು ಶಾಂತಿಯನ್ನು ಹೀಗಳೆಯುವುದಿಲ್ಲ ಎನ್ನುವವರೂ ಇದ್ದಾರೆ.

ನಮಗೆ 1930 ಇನ್ನೊಂದು ಅರ್ಥದ ವರ್ಷ. ಆ ವರ್ಷದ ಏಪ್ರಿಲ್ 6ರಂದು ಗಾಂಧಿ ದಂಡಿಯಲ್ಲಿ ಉಪ್ಪಿನ ಕಾನೂನು ಮುರಿದರು. ಒಂದು ವಾರದ ಬಳಿಕ, 13ರಂದು, ಅಂಕೋಲಾದ ಕಡಲತೀರದಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ನಮ್ಮ ಜನ ಉಪ್ಪು ಮಾಡಿದರು. ಸತ್ಯಾಗ್ರಹ ಮತ್ತು ಈಡಿತ್‌ಳ ಶಾಂತಿವಾದ ಒಂದೇ ಅಲ್ಲ. ಆದರೆ ಆ ವರ್ಷದಲ್ಲಿ ಅಹಿಂಸೆ ಕಾಲಕ್ಕೆ ಹೊಂದದ ಆದರ್ಶವಾಗಿತ್ತು ಎಂಬ ಮಾತನ್ನು ಅಂಕೋಲೆಯ ಇತಿಹಾಸ ಬಲ್ಲವರು ಸುಲಭಕ್ಕೆ ಒಪ್ಪಲಾರರು. ಯಾವುದು ಸರಿಯಾದ ಕಾಲ ಎಂಬುದು ಯಾವ ನೆಲದಿಂದ ನೋಡುತ್ತೇವೆ ಎಂಬುದರ ಮೇಲೆ ನಿಂತಿದೆ. ಜಗತ್ತಿನ ಚರ್ಚೆಗೆ ನಾವು ಇಲ್ಲಿಂದ ಸೇರಿಸಬಹುದಾದ ಮಾತು ಇದು.

ಲೆಕ್ಕಕ್ಕೆ ಬಾರದವರು

ಆ ಕಂತಿನಲ್ಲಿ ಇನ್ನೊಂದು ಸಾವಿದೆ. ಮೆಕಾಯ್ ನ್ಯೂಯಾರ್ಕಿಗೆ ಬಂದು ಬಿದ್ದ ರಾತ್ರಿ ಬೀದಿಯಲ್ಲೊಬ್ಬ ನಿರ್ಗತಿಕ ಅವನಿಗೆ ಎದುರಾಗುತ್ತಾನೆ. ಕೈಯಲ್ಲಿ ಕದ್ದ ಹಾಲಿನ ಬಾಟಲಿ. ಮೆಕಾಯ್ ಮೂರ್ಛೆ ಹೋದಾಗ ಅವನ ಜೇಬು ತಡಕಿ ಫೇಸರ್ ಎಂಬ ಆಯುಧವನ್ನು ಎತ್ತಿಕೊಳ್ಳುತ್ತಾನೆ. ಏನೆಂದು ತಿಳಿಯದೆ ಗುಂಡಿ ಒತ್ತುತ್ತಾನೆ. ಒಂದು ಕ್ಷಣ ಬೆಳಕು, ಆಮೇಲೆ ಅವನಿಲ್ಲ. ಕಂತು ಮುಗಿಯುವವರೆಗೂ ಅವನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಸ್ಪಾಕ್‌ನ ಉಪಕರಣದಲ್ಲಿ ಅವನ ಪತ್ರಿಕೆ ಕಾಣಿಸುವುದಿಲ್ಲ. ಭವಿಷ್ಯದಿಂದ ಬಂದ ಆಯುಧದಿಂದ ಅವನು ಸತ್ತರೂ ಇತಿಹಾಸ ಮೊದಲಿನಂತೆಯೇ ಮರಳುತ್ತದೆ.

ಎಲಿಸನ್ನರ ಮೂಲದಲ್ಲಿದ್ದು ತಿದ್ದುಪಡಿಯಲ್ಲಿ ಕಳೆದುಹೋದ ಪಾತ್ರ ಎಂದೆನಲ್ಲ, ಅವನು ಟ್ರೂಪರ್. ಮೊದಲ ಮಹಾಯುದ್ಧದಲ್ಲಿ ವರ್ಡನ್‌ನಲ್ಲಿ ಹೋರಾಡಿ ಕಾಲುಗಳನ್ನು ಕಳೆದುಕೊಂಡು ಬೀದಿಯಲ್ಲಿ ಬದುಕುವ ಸೈನಿಕ. ಕರ್ಕ್‌ಗೆ ನೆರವಾಗಲು ಹೋಗಿ ಸಾಯುತ್ತಾನೆ. ಅವನ ಸಾವೂ ಕಾಲದ ಹರಿವಿನಲ್ಲಿ ಏನನ್ನೂ ಕದಲಿಸುವುದಿಲ್ಲ. ವ್ಯತ್ಯಾಸ ಇಷ್ಟು: ಎಲಿಸನ್ ಅದನ್ನು ನೋವಿನ ಪ್ರಶ್ನೆಯಾಗಿಸಿದರು, ಪ್ರಸಾರವಾದ ಕಂತು ಗಮನಿಸದೆ ದಾಟಿಹೋಯಿತು. ಮೊದಲ ಜಗಳದಲ್ಲಿ ನಾನು ಪ್ರಸಾರವಾದ ಕಂತಿನ ಪಕ್ಷ ಹಿಡಿದೆ. ಇದೊಂದರಲ್ಲಿ ಎಲಿಸನ್ನರದೇ ಸರಿ.

ಕಾಲಪ್ರಯಾಣದ ಬಹುಪಾಲು ಕಥೆಗಳಲ್ಲಿ ಈ ತಕ್ಕಡಿಯೇ ಇದೆ. ಯಾರ ಬದುಕು ಮುಂದಿನದನ್ನು ಬದಲಿಸುತ್ತದೋ ಅವರಿಗೆ ತೂಕ, ಉಳಿದವರು ಹಿನ್ನೆಲೆ. ಇತಿಹಾಸವನ್ನೂ ನಾವು ಹೀಗೆಯೇ ಹೇಳಿಕೊಳ್ಳುತ್ತೇವೆ. ಎಲೆಕ್ಟ್ರಾನಿಕ್ ಸಿಟಿಯ ಕಥೆಯಲ್ಲಿ ಬಾಳಿಗರ ಹೆಸರು ಬರುವುದು ನ್ಯಾಯವೇ. ದೊಡ್ಡತೋಗೂರಿನ ಹೊಲದಲ್ಲಿ ರಾಗಿ ಬೆಳೆದವರ ಹೆಸರು ಆ ಕಥೆಯಲ್ಲಿ ಬರುವುದಿಲ್ಲ. ಅವರು ಇತಿಹಾಸವನ್ನು ತಿರುಗಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅವರ ಬದುಕಿಗೆ ಬೆಲೆ ಕಡಿಮೆಯಾಗುತ್ತದೆಯೇ? ಈಡಿತ್‌ಳಿಗಾಗಿ ಅರವತ್ತು ವರ್ಷ ಮರುಗಿದ ಚರ್ಚೆ, ಹಾಲಿನ ಬಾಟಲಿಯ ಆ ಮನುಷ್ಯನಿಗಾಗಿಯೂ ಉತ್ತರ ಕೊಡಬೇಕು.

ಇನ್ನೂ ತೀರದ್ದು

ಮೂರು ಪಂಥಗಳಲ್ಲಿ ಯಾವುದಕ್ಕೂ ಈ ಕಂತು ಪೂರ್ತಿ ಒಗ್ಗುವುದಿಲ್ಲ. ನೌಕೆ ಮಾಯವಾದದ್ದನ್ನು ವೃತ್ತದ ಪಂಥ ವಿವರಿಸಲಾರದು, ಅಪಘಾತದ ಕಾರಣವನ್ನು ಅಳಿಸುವ ಪಂಥ ವಿವರಿಸಲಾರದು, ಕವಲಿನ ಪಂಥ ಕರ್ಕ್‌ನ ತ್ಯಾಗಕ್ಕೆ ಅರ್ಥ ಉಳಿಸುವುದಿಲ್ಲ. ಸರಣಿಯೇ ಒಂದು ನಿಲುವಿಗೆ ನಿಂತಿಲ್ಲ. 1973ರ ‘ಯೆಸ್ಟರ್‌ಇಯರ್’ ಎಂಬ ಅನಿಮೇಷನ್ ಕಂತಿನಲ್ಲಿ ಅದೇ ಗಾರ್ಡಿಯನ್ ಮೂಲಕ ಸ್ಪಾಕ್ ಹಿಂದಕ್ಕೆ ಹೋಗಿ ಬಾಲಕನಾಗಿದ್ದ ತನ್ನನ್ನೇ ಉಳಿಸಿಕೊಳ್ಳುತ್ತಾನೆ, ಅದು ಮೊದಲೇ ಆಗಿದ್ದಂತೆ ತೋರುತ್ತದೆ. ಹಿಂದಕ್ಕೆ ಹೋಗಲು ನಿಸರ್ಗ ಬಿಡುತ್ತದೆಯೇ ಎಂಬುದಕ್ಕೆ ಭೌತವಿಜ್ಞಾನ ಕೊನೆಯ ಮಾತು ಹೇಳಿಲ್ಲ.

ಮಾಡುವುದಕ್ಕೂ ಆಗಗೊಡುವುದಕ್ಕೂ ನೀತಿಯಲ್ಲಿ ಎಷ್ಟು ಅಂತರ ಎಂಬುದು ಫುಟ್ ಕೇಳಿದಂದಿನಿಂದ ತೆರೆದೇ ಇದೆ. ವ್ಯಕ್ತಿಯೋ ಪರಿಸ್ಥಿತಿಯೋ ಎಂಬ ಜಗಳವನ್ನು ಪ್ರಯೋಗ ಮಾಡಿ ತೀರಿಸಲಾಗದು. ಇತಿಹಾಸ ಎರಡನೆಯ ಬಾರಿ ನಡೆಯುವುದಿಲ್ಲ. ತಿಳಿಸದೆ ಒಬ್ಬರ ಬದುಕನ್ನು ತೂಗುವ ಹಕ್ಕು ಯಾರಿಗಾದರೂ ಇದೆಯೇ ಎಂಬುದನ್ನು ಚರ್ಚೆ ಇನ್ನೂ ಗಟ್ಟಿಯಾಗಿ ಎತ್ತಿಕೊಂಡಿಲ್ಲ. ಎಲ್ಲಕ್ಕಿಂತ ಹಿಂದೆ ಉಳಿದಿರುವುದು ತೂಕದ ಪ್ರಶ್ನೆ: ಪರಿಣಾಮ ಬೀರದ ಬದುಕಿನ ಬೆಲೆಯನ್ನು ಯಾವ ಅಳತೆಯಿಂದ ಅಳೆಯಬೇಕು? ಅದು ಇತ್ಯರ್ಥವಾಗದೆ ಈಡಿತ್ ಸಾಯಲೇಬೇಕಿತ್ತೇ ಎಂಬುದಕ್ಕೆ ಯಾರು ಕೊಟ್ಟ ಉತ್ತರವೂ ಪೂರ್ಣವಾಗುವುದಿಲ್ಲ.